ಇಲ್ಲ ಎಂಬುದು ಸೊನ್ನೆಯಲ್ಲ

ಸಿಕಂದರಾಬಾದಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುವಾಗ ವಾಡಿಗೆ ಮುಂಚೆ ಮಳಖೇಡ ರೋಡ್ ಎಂಬ ಚಿಕ್ಕ ಸ್ಟೇಷನ್ ಬರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲೊಂದು ಪ್ರಸಿದ್ಧ ತಪ್ಪಿದೆ: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದರು. ಪಾಲು ಕೇಳುವವರೇ ಇಲ್ಲದಿದ್ದರೆ ರಾಶಿ ಹಾಗೇ ಉಳಿಯುತ್ತದಲ್ಲ, ಹಾಗೆ ಯೋಚಿಸಿರಬಹುದು. 12ನೇ ಶತಮಾನದ ಭಾಸ್ಕರಾಚಾರ್ಯರು ಅಂಥ ಭಾಗಲಬ್ಧಕ್ಕೆ ‘ಖಹರ’ ಎಂದು ಬೇರೆ ಹೆಸರನ್ನೇ ಇಟ್ಟರು. ಇದು ಮಾಮೂಲಿ ಸಂಖ್ಯೆಯಲ್ಲ, ಹುಷಾರು ಎನ್ನುವ ಹಾಗೆ.

ಕಂಪ್ಯೂಟರಿನಲ್ಲೂ ಇದೇ ಕಥೆ. 1965ರಲ್ಲಿ ಟೋನಿ ಹೋರ್ ಆಲ್ಗಾಲ್ ಡಬ್ಲ್ಯೂ ಭಾಷೆಗೆ ‘ನಲ್’ ಸೇರಿಸಿದರು, ಸುಲಭವಾಗಿತ್ತು ಎಂಬ ಕಾರಣಕ್ಕೆ. 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. 1970ರ ದಶಕದ ಸಿ ಭಾಷೆಯಲ್ಲಿ ನಲ್ ಪಾಯಿಂಟರ್ ಎಂದರೆ ಒಂದು ಉತ್ತರ: ಮೆಮರಿ ಸಿಗಲಿಲ್ಲ, ಫೈಲ್ ತೆರೆಯಲಿಲ್ಲ. ನೋಡಿಕೊಳ್ಳುವುದು ಕರೆದವರ ಕೆಲಸ. ಕರೆದದ್ದು ಪೈಥಾನ್ ಆದರೆ? ಸಿಟೈಪ್ಸ್ ಮೂಲಕ ಬಂದ ನಲ್ ಪಾಯಿಂಟರನ್ನು ಪೈಥಾನಿನಲ್ಲೇ ಓದಹೋದರೆ ಎರರ್ ಬರುತ್ತದೆ, ಹಿಡಿಯಬಹುದು. ಅದನ್ನು ಪರೀಕ್ಷಿಸದ ಇನ್ನೊಂದು ಸಿ ಫಂಕ್ಷನ್ನಿಗೆ ದಾಟಿಸಿದರೆ ಇಡೀ ಪ್ರೋಗ್ರಾಮೇ ಬೀಳುತ್ತದೆ.

ಉಪ್ಪಲ್‌ನ ನಮ್ಮ ಆಫೀಸಿನಲ್ಲಿ ಹಾಗೇ ಬೀಳುತ್ತಿತ್ತು. ಕೊಳವೆಬಾವಿಗಳ ನೀರಿನ ಮಟ್ಟ ಕೊಡುವ ಹಳೆಯ ಸಿ ಲೈಬ್ರರಿ, ಡೆಲಿವರಿಗೆ ಎರಡೇ ದಿನ. ‘ನಲ್ ಬಂದರೆ ಸೊನ್ನೆ ಹಾಕ್ರಿ, ಬೀಳಬಾರದು ಅಷ್ಟೆ’ ಎಂದವನು ನಾನೇ. ಬೀಳಲಿಲ್ಲ. ಅಳತೆಯೇ ಆಗದ ಬಾವಿಗಳಲ್ಲೆಲ್ಲ ನೀರು 0 ಮೀಟರ್ ಆಳದಲ್ಲಿ, ಅಂದರೆ ನೆಲಕ್ಕೆ ಸಮನಾಗಿ ನಿಂತಿತು. ವರದಿ ಹೋದ ಮೇಲೆ ನಕ್ಷೆ ನೋಡುತ್ತಿದ್ದ ಅನಂತಪುರದ ಹುಡುಗಿಯೊಬ್ಬಳು, ‘ಸರ್, ನಮ್ಮೂರ ಬೋರ್ ತುಂಬಿದೆಯಂತೆ’ ಎಂದಳು. ನಗಲಿಲ್ಲ. ಆ ನಕ್ಷೆ ನಂಬಿ ಯಾರಾದರೂ ಟ್ಯಾಂಕರ್ ನಿಲ್ಲಿಸಿದ್ದರೆ? ಅಂದು ರಾತ್ರಿಯೇ ನನ್ನ ತಪ್ಪು ಬರೆದು ವರದಿ ವಾಪಸ್ ತರಿಸಿಕೊಂಡೆ.

ಈಗ ಸಿ ಗಡಿ ದಾಟುವಲ್ಲೇ ಪ್ರತಿ ಪಾಯಿಂಟರನ್ನೂ ಪರೀಕ್ಷಿಸುತ್ತೇವೆ. ನಲ್ ಇದ್ದರೆ ನಕ್ಷೆಯಲ್ಲಿ ಬೂದು ಬಣ್ಣ, ‘ಮಾಹಿತಿ ಇಲ್ಲ’ ಎಂಬ ಬರಹ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯ ‘ಆಪ್ಷನ್’ ಇದನ್ನೇ ಕಡ್ಡಾಯ ಮಾಡುತ್ತದೆ: ಇದೆಯೋ ಇಲ್ಲವೋ ನೋಡದೆ ಬೆಲೆ ಕೈಗೆ ಸಿಗದು. ಭಾಸ್ಕರಾಚಾರ್ಯರ ಹಾಗೆ, ಇಲ್ಲದ್ದಕ್ಕೆ ಬೇರೆ ಹೆಸರು.

ಊರಿಗೆ ಹೋಗುವಾಗ ಮಳಖೇಡ ದಾಟಿದರೆ ಮಹಾವೀರಾಚಾರ್ಯರ ತಪ್ಪು ನೆನಪಾಗುತ್ತದೆ. ಅವರಿಗೆ ಅದು ತಪ್ಪೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.