ಸಿದ್ದಾಪುರದ ಬಂಡೆಯೂ ಆಫ್ರಿಕದ ಹುಲ್ಲುಗಾವಲೂ

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಡಿಸೆಂಬರ್ ರಜೆಯಲ್ಲಿ ಕೆನ್ಯಾ ದೇಶಕ್ಕೆ ಹೋಗಿಬಂದರು. ಬಂದ ಮೇಲೆ ಒಂದು ತಿಂಗಳ ಕಾಲ ನಮಗೆ ಬೇರೆ ಮಾತೇ ಇರಲಿಲ್ಲ. ಮಸಾಯಿ ಮಾರದ ಸಿಂಹಗಳು, ಸಾಲುಗಟ್ಟಿ ನಿಂತ ಜೀಬ್ರಾಗಳು, ಅಕೇಸಿಯ ಮರದ ನೆತ್ತಿಯನ್ನು ಮೇಯುವ ಜಿರಾಫೆ, ಮನುಷ್ಯನ ಎದೆಯೆತ್ತರದ ಹಕ್ಕಿಗಳು, ಎಲ್ಲವನ್ನೂ ಅವರು ಚಿತ್ರ ಸಮೇತ ತೋರಿಸಿದರು. ನಾನು ನೋಡಿದೆ, ಮೆಚ್ಚಿದೆ, ಒಳಗೊಳಗೇ ಸ್ವಲ್ಪ ಕರುಬಿದೆ. ಕನ್ನಡ ಮೇಷ್ಟರ ಸಂಬಳದಲ್ಲಿ ಎರಡು ಮಕ್ಕಳ ವಿದ್ಯಾಭ್ಯಾಸ ಮುಗಿಸಿ ಆಫ್ರಿಕಕ್ಕೆ ಹೋಗುವ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿರುತ್ತದೆ.

ಫೆಬ್ರವರಿಯ ಒಂದು ಭಾನುವಾರ ಅವರು, "ನಿಮ್ಮ ಊರ ಕಡೆ ಅಶೋಕನ ಶಾಸನವಿದೆಯಂತಲ್ಲ, ಅದನ್ನಾದರೂ ತೋರಿಸಿ" ಎಂದರು. ನನ್ನ ಹುಟ್ಟೂರು ಮೊಳಕಾಲ್ಮೂರು ಸೀಮೆಯದು, ಸಿದ್ದಾಪುರಕ್ಕೆ ಹತ್ತಿರ. ಚಳ್ಳಕೆರೆ ದಾಟಿ ಬಳ್ಳಾರಿಯ ಹಾದಿಯಲ್ಲಿ ಹೋಗುತ್ತಿದ್ದಾಗ ಅವರು ಕಿಟಕಿಯ ಹೊರಗೆ ನೋಡುತ್ತ, "ಇಲ್ಲಿ ಏನೇನಿದೆ?" ಎಂದು ಕೇಳಿದರು. ನಾನು ಯೋಚಿಸದೆ, "ಇಲ್ಲೇನಿದೆ ಮಣ್ಣು, ಬರೀ ಬಯಲು" ಎಂದುಬಿಟ್ಟೆ. ಅವರು ನಕ್ಕು ಹೇಳಿದರು: "ಮೇಷ್ಟ್ರೇ, ನಾನು ಲಕ್ಷಗಟ್ಟಲೆ ಕೊಟ್ಟು ನೋಡಿ ಬಂದದ್ದೂ ಬರೀ ಬಯಲೇ."

ಆ ಮಾತು ನನಗೆ ನಾಟಿತು. ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಕರಿಗುಂಡುಗಳ ಗುಡ್ಡ, ಮೇಲೆ ವಿಸ್ತಾರವಾದ ಆಕಾಶ. ಹುಟ್ಟಿದಂದಿನಿಂದ ಕಂಡ ನೆಲವನ್ನು ನಾನು ಅಂದು ಮೊದಲ ಬಾರಿಗೆ ಒಬ್ಬ ಪ್ರವಾಸಿಯ ಕಣ್ಣಿನಿಂದ ನೋಡಿದೆ.

ಸಿದ್ದಾಪುರದ ಸುತ್ತ ಅಶೋಕನ ಬರಹ ಮೂರು ಕಡೆ ಇದೆ: ಬ್ರಹ್ಮಗಿರಿಯಲ್ಲಿ, ಸಿದ್ದಾಪುರದ ಗುಂಡಿನ ಮೇಲೆ, ಜಟಿಂಗರಾಮೇಶ್ವರ ಬೆಟ್ಟದಲ್ಲಿ. ಮೂರನ್ನೂ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದರು. ಕಂಡುಹಿಡಿದರು ಎನ್ನುವುದು ವಿದ್ವಾಂಸರ ಮಾತು. ಊರಿನವರಿಗೆ ಆ ಬಂಡೆಗಳು ಮೊದಲೇ ಗೊತ್ತಿದ್ದವು, ಓದಲು ಬರುತ್ತಿರಲಿಲ್ಲ ಅಷ್ಟೆ. ಬ್ರಹ್ಮಗಿರಿಯದಕ್ಕೆ ಅಕ್ಷರಗುಂಡು ಎಂದು ಹೆಸರು. ಅದನ್ನು ತೊಳೆದ ನೀರಿಗೆ ಕಾಯಿಲೆ ವಾಸಿಮಾಡುವ ಗುಣವಿದೆಯೆಂದು ನಂಬಿದ್ದರು. ಜಟಿಂಗರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಅಕ್ಷರ ಬಹುಪಾಲು ಸವೆದುಹೋಗಿದೆ. ಸಿದ್ದಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು. ಈ ತಿಮ್ಮಯ್ಯ ಯಾರೋ, ಯಾವ ಕಾಲದವನೋ! ಸಾಮ್ರಾಟನ ಹೆಸರು ಮರೆತುಹೋದ ಕಡೆ ದನಗಾಹಿಯ ಹೆಸರು ಉಳಿದುಕೊಂಡಿತ್ತು. ಈ ಸೀಮೆಯ ಇತಿಹಾಸದಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲವೆಂಬುದು ಮುಂದೆ ತಿಳಿಯುತ್ತದೆ.

ಶಾಸನವು ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಅಪ್ಪಣೆ. ಇಸಿಲವೆಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣವೇ ಎಂದು ವಿದ್ವಾಂಸರ ಎಣಿಕೆ. ಎಂ. ಎಚ್. ಕೃಷ್ಣ ಅವರೂ, ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ನೆಲ ಅಗೆದು, ಅಶೋಕನಿಗಿಂತ ಬಹು ಹಿಂದೆಯೇ ನಯಗೊಳಿಸಿದ ಕಲ್ಲುಕೊಡಲಿಯ ಜನ ಅಲ್ಲಿ ನೆಲಸಿದ್ದರೆಂದು ತೋರಿಸಿಕೊಟ್ಟರು. ಶಾಸನದ ಕೊನೆಯ ಭಾಗದಲ್ಲಿ ಧರ್ಮದ ಕಟ್ಟಳೆಗಳು ಬರುತ್ತವೆ. ತಂದೆತಾಯಿಗಳ ಶುಶ್ರೂಷೆ ಮಾಡಬೇಕು, ಪ್ರಾಣಿಗಳ ವಿಷಯದಲ್ಲಿ ದೃಢವಾಗಿ ನಡೆದುಕೊಳ್ಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಸಾರಾಂಶ. ಬರೆದವನು ಚಪಡನೆಂಬ ಲಿಪಿಕಾರ. ತನ್ನ ವೃತ್ತಿಯ ಹೆಸರನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಗಾಂಧಾರದ ಕಡೆಯ ಲಿಪಿ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೆ! ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ರೋಮಾಂಚವಾಗುತ್ತದೆ. ಹುಡುಗರಿಗೆ ಆಗುವುದು ಅಪರೂಪ.

ಪ್ರಾಣಿಗಳ ಕುರಿತ ಆ ಒಂದು ಮಾತನ್ನು ಗೆಳೆಯರಿಗೆ ವಿವರಿಸುತ್ತಿದ್ದಾಗ ನನಗೆ ಅಶೋಕನ ಇನ್ನೊಂದು ಬರಹ ನೆನಪಿಗೆ ಬಂತು. ಅದು ಹದಿನಾಲ್ಕು ಬಂಡೆಶಾಸನಗಳಲ್ಲಿ ಎಂಟನೆಯದು. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಅದರ ಪ್ರತಿಯಿದೆ. ಹಿಂದಿನ ಅರಸರು ವಿಹಾರಯಾತ್ರೆಗೆ ಹೋಗುತ್ತಿದ್ದರು, ಅದರಲ್ಲಿ ಮೃಗಯೆಯೂ ಅಂಥ ಇತರ ವಿನೋದಗಳೂ ಇರುತ್ತಿದ್ದವು. ತಾನು ಪಟ್ಟಕ್ಕೆ ಬಂದು ಹತ್ತು ವರ್ಷವಾದಾಗ ಬೋಧಿವೃಕ್ಷದ ಸ್ಥಾನಕ್ಕೆ ಹೋದೆನು, ಅಲ್ಲಿಂದ ಧರ್ಮಯಾತ್ರೆ ಮೊದಲಾಯಿತು ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಯಾತ್ರೆಯನ್ನು ಅವನು ನಿಲ್ಲಿಸಲಿಲ್ಲ. ಹೊರಡುವುದೂ ಸುತ್ತುವುದೂ ಹಾಗೆಯೇ ಉಳಿದವು. ಕೊಲ್ಲುವುದು ಹೋಗಿ, ಜನರನ್ನು ಕಾಣುವುದು, ಮಾತನಾಡುವುದು, ದಾನ ಮಾಡುವುದು ಬಂದವು.

ಸಫಾರಿ ಎಂಬುದರ ಅರ್ಥವೂ ಯಾತ್ರೆಯೇ. ಅರಬ್ಬಿಯ ಸಫರ್ ಸ್ವಾಹಿಲಿಯಲ್ಲಿ ಸಫಾರಿಯಾಗಿದೆ. ನಮ್ಮ ಗೆಳೆಯರು ಹೋಗಿಬಂದ ಸಫಾರಿಯ ಪೂರ್ವೇತಿಹಾಸವನ್ನು ನೋಡಿದರೆ ಅದೂ ಅಪ್ಪಟ ವಿಹಾರಯಾತ್ರೆಯೇ. 1909ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟರು ಮಗನನ್ನು ಕರೆದುಕೊಂಡು ಪೂರ್ವ ಆಫ್ರಿಕಕ್ಕೆ ಹೋದರು. ತಂದೆ ಮಕ್ಕಳಿಬ್ಬರೇ 512 ಪ್ರಾಣಿಗಳನ್ನು ಹೊಡೆದರು. ವಸ್ತುಸಂಗ್ರಹಾಲಯಕ್ಕೆ ಬೇಕೆಂಬುದು ನೆಪವೋ ಕಾರಣವೋ, ಲೆಕ್ಕ ಮಾತ್ರ ಅವರೇ ಇಟ್ಟದ್ದು. ನೈರೋಬಿಯ ಉದ್ಯಾನ 1946ರಲ್ಲಿ, ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನಗಳಾದವು. ಕೆನ್ಯಾ ಬೇಟೆಯನ್ನು ನಿಷೇಧಿಸಿದ್ದು 1977ರಲ್ಲಿ. ಬಂದೂಕದ ಬದಲು ದುರ್ಬೀನು ಹಿಡಿಯುವುದಕ್ಕೆ ಜಗತ್ತಿಗೆ ಅಷ್ಟು ಕಾಲ ಹಿಡಿಯಿತು.

ಹಾಗೆಂದು ಅಶೋಕನನ್ನು ಹೊಗಳಿ ಕುಳಿತರೆ ಇತಿಹಾಸವಾಗುವುದಿಲ್ಲ. ತನ್ನ ಅಡುಗೆಮನೆಗೆ ಹಿಂದೆ ಲಕ್ಷಾಂತರ ಪ್ರಾಣಿಗಳು ಬಲಿಯಾಗುತ್ತಿದ್ದುದು ಈಗ ಎರಡು ನವಿಲು, ಒಂದು ಜಿಂಕೆಗೆ ಇಳಿದಿದೆ, ಮುಂದೆ ಅವೂ ಇರುವುದಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಪಟ್ಟವಾದ ಇಪ್ಪತ್ತಾರನೆಯ ವರ್ಷದಲ್ಲಿ ಹೊರಡಿಸಿದ ಕಂಬದ ಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಉದ್ದನೆಯ ಪಟ್ಟಿಯಿದೆ: ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ ಇತ್ಯಾದಿ. ಅದರಲ್ಲಿ ನವಿಲಿನ ಹೆಸರಿಲ್ಲ. ಕಂದಹಾರದ ಗ್ರೀಕ್ ಶಾಸನದಲ್ಲಿ ಅರಸನ ಬೇಟೆಗಾರರೂ ಬೆಸ್ತರೂ ತಮ್ಮ ಕಸುಬು ಬಿಟ್ಟರೆಂಬ ಮಾತಿದೆ. ಬಿಟ್ಟವರು ಮುಂದೆ ಏನು ತಿಂದರು? ಅದನ್ನು ಯಾವ ಬಂಡೆಯೂ ಹೇಳುವುದಿಲ್ಲ. ಕಾಡಿನ ಜನರಿಗೆ ಅವನು ಒಂದು ಕಡೆ ದಯೆಯನ್ನೂ ಅದರ ಜೊತೆಗೇ ದಂಡದ ಭಯವನ್ನೂ ತೋರಿಸಿದ್ದಾನೆ. ಇಸಿಲದ ಸುತ್ತ ಇದ್ದವರು ಅಂಥ ಜನರೇ ಇದ್ದಿರಬೇಕು.

ಅಶೋಕನ ಅಪ್ಪಣೆ ಅವನ ವಂಶದೊಡನೆ ಮುಗಿಯಿತು. ಅರಸರು ಮತ್ತೆ ಬೇಟೆಗೆ ಹೊರಟರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಬೇಟೆಯನ್ನು ಒಂದು ಶಾಸ್ತ್ರವನ್ನಾಗಿಯೇ ವಿವರಿಸಿದ. ಪಳಗಿಸಿದ ಚೀತಾವನ್ನು ಜಿಂಕೆಯ ಮೇಲೆ ಬಿಡುವ ಬಗೆ ಅದರಲ್ಲಿದೆ. ಈ ಚೀತಾ ನಮ್ಮ ಬಯಲಿನ ಪ್ರಾಣಿಯೇ. ಕನ್ನಡದಲ್ಲಿ ಇದಕ್ಕೆ ಶಿವಂಗಿ ಎಂಬ ಹೆಸರಿತ್ತು. ಚಿರತೆ ಬೇರೆ, ಶಿವಂಗಿ ಬೇರೆ. ಪ್ರಾಣಿ ಹೋದ ಮೇಲೆ ಹೆಸರಿಗೆ ಕೆಲಸವಿಲ್ಲದೆ, ಇಂದು ಎರಡನ್ನೂ ಬೆರಸಿ ಚಿರತೆಯೆನ್ನುವವರೇ ಹೆಚ್ಚು. ಟಿಪ್ಪುವಿನ ಬೇಟೆಶಿವಂಗಿಗಳು 1799ರ ತರುವಾಯ ಆರ್ಥರ್ ವೆಲ್ಲೆಸ್ಲಿಯ ವಶಕ್ಕೆ ಬಂದವು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಲ್ಲಿಯವು ಎಷ್ಟು ಅಪರೂಪವಾಗಿದ್ದವೆಂದರೆ, ಕೊಲ್ಲಾಪುರದಂಥ ಸಂಸ್ಥಾನಗಳು ಬೇಟೆಗಾಗಿ ಆಫ್ರಿಕದಿಂದಲೇ ಅವನ್ನು ತರಿಸಿಕೊಂಡವು. 1947ರಲ್ಲಿ ಸುರಗುಜದ ಮಹಾರಾಜರು ಒಂದೇ ರಾತ್ರಿ ಮೂರನ್ನು ಹೊಡೆದರು. 1952ರಲ್ಲಿ ಭಾರತದಲ್ಲಿ ಈ ಪ್ರಾಣಿಯಿಲ್ಲವೆಂದು ಸರ್ಕಾರ ಸಾರಿತು. ಮತ್ತೆ 2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟು, ಮರುವರ್ಷ ದಕ್ಷಿಣ ಆಫ್ರಿಕದಿಂದ ಹನ್ನೆರಡು ಚೀತಾಗಳು ವಿಮಾನದಲ್ಲಿ ಬಂದು ಮಧ್ಯಪ್ರದೇಶದ ಕುನೋ ಕಾಡಿಗಿಳಿದವು.

ಇಷ್ಟು ಬೇಟೆಯ ನಡುವೆಯೂ ನಮ್ಮ ಸೀಮೆಯ ಬಯಲಿನಲ್ಲಿ ಕೃಷ್ಣಮೃಗ ಹೇಗೆ ಉಳಿಯಿತು? ಉತ್ತರ ಮತ್ತೆ ದನಗಾಹಿಗಳ ಕಡೆಗೇ ಹೋಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಮೊದಲಾದ ದನಗಳ ಇಲಾಖೆಯನ್ನು ಹೈದರಾಲಿ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ದಂಡಿನ ಫಿರಂಗಿ ಎಳೆಯುವ ಎತ್ತುಗಳಿಗಾಗಿ ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಮೀಸಲಿಟ್ಟರು. ಕಾವಲಿನಲ್ಲಿ ನೇಗಿಲು ಇಳಿಯುವಂತಿಲ್ಲ. ಹುಲ್ಲು ಉಳಿಯಿತು, ಹುಲ್ಲಿನೊಡನೆ ಜಿಂಕೆ, ತೋಳ, ನರಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೆಲ್ಲ ಉಳಿದವು. ದಯೆಯಿಂದಲ್ಲ, ದಂಡಿನ ಅಗತ್ಯದಿಂದ. ಚಳ್ಳಕೆರೆ ಮೊಳಕಾಲ್ಮೂರಿನ ಮ್ಯಾಸಬೇಡರದು ಇನ್ನೂ ವಿಚಿತ್ರವಾದ ಕಥೆ. ಹೆಸರಿಗೆ ಬೇಡರು, ಬದುಕಿನಲ್ಲಿ ದನಗಾಹಿಗಳು. ಅವರು ಕೋಳಿಯನ್ನು ತಿನ್ನುವುದಿಲ್ಲ. ಅವರ ದೇವರ ಎತ್ತುಗಳು ನೊಗ ಕಾಣದೆ, ಕಿಲಾರಿಗಳ ಆರೈಕೆಯಲ್ಲಿ ಈ ಬಯಲಿನಲ್ಲಿಯೇ ಮೇಯುತ್ತವೆ. ಇದು ಯಾವ ಮಹಾಮಾತ್ರನೂ ಹೇರಿದ ಕಟ್ಟಳೆಯಲ್ಲ.

ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚು ಅಮೃತಮಹಲ್ ಕಾವಲಿತ್ತು. ಈಗ ಉಳಿದಿರುವುದು ಅದರ ಐದರಲ್ಲಿ ಒಂದು ಪಾಲಿಗೂ ಕಡಮೆ. ದಂಡಿಗೆ ಎತ್ತು ಬೇಡವಾದ ಮೇಲೆ ಕಾವಲಿಗೆ ಒಡೆಯರಿಲ್ಲದಂತಾಯಿತು. ಇಲ್ಲಿ ಭಾಷೆಯ ಮೇಷ್ಟರಾಗಿ ನನ್ನದೊಂದು ತಕರಾರಿದೆ. ಕಂದಾಯದ ಕಾಗದಗಳಲ್ಲಿ ಇಂಥ ನೆಲಕ್ಕೆ ಹುಲ್ಲುಬನ್ನಿ ಖರಾಬು ಎಂಬ ಹೆಸರುಂಟು. ಖರಾಬು ಎಂದರೆ ಕೆಟ್ಟದ್ದು, ಉಪಯೋಗಕ್ಕೆ ಬಾರದ್ದು. ಹುಲ್ಲು ಬೆಳೆದಿದೆಯೆಂದು ಅದೇ ಕಾಗದ ಒಪ್ಪಿಕೊಂಡು, ಅದೇ ಉಸಿರಿನಲ್ಲಿ ಕೆಟ್ಟದ್ದೆಂದೂ ಬರೆಯುತ್ತದೆ. ಖರಾಬಾದ ನೆಲವನ್ನು ಯಾರಿಗೆ ಕೊಟ್ಟರೇನು? 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಕುದಾಪುರದಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದಿತು. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಆರಂಭವಾಯಿತು. ದನ ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯ ವರೆಗೂ ದೂರು ಒಯ್ದರು. ವಿಜ್ಞಾನ ಬೇಡವೆನ್ನುವಷ್ಟು ಮೂಢ ನಾನಲ್ಲ. ನನ್ನ ವಿದ್ಯಾರ್ಥಿಗಳು ಅಲ್ಲಿ ಕೆಲಸಕ್ಕೆ ಸೇರಿದರೆ ನನಗೆ ಸಂತೋಷವೇ. ಆದರೆ "ಬರೀ ಬಯಲು" ಎಂದು ನಾನು ಕಾರಿನಲ್ಲಿ ಅಂದದ್ದನ್ನೇ ಅವರು ಕಾಗದದಲ್ಲಿ ಬರೆದರೆಂದು ಅನ್ನಿಸಿ ಸಂಕೋಚವಾಯಿತು.

ಈ ಬಯಲಿನ ದೊಡ್ಡ ಹಕ್ಕಿ ಎರ್ಲಡ್ಡು. ದೊರೆವಾಯನ ಹಕ್ಕಿ, ಎರೆಭೂತ ಎಂಬ ಹೆಸರುಗಳೂ ಉಂಟು. ಗಂಡು ಒಂದು ಮೀಟರು ಎತ್ತರ, ಹದಿನೈದು ಕಿಲೋ ತೂಕದ ವರೆಗೆ ಬೆಳೆಯುತ್ತದೆ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರೀ ನೆಲದ ಮೇಲೆ ಇಡುತ್ತದೆ. ಗೆಳೆಯರು ಕೆನ್ಯಾದಲ್ಲಿ ಕಂಡ ಎದೆಯೆತ್ತರದ ಹಕ್ಕಿ ಇದರ ದಾಯಾದಿಯೇ. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಲೀಂ ಅಲಿಯವರು ಇದರ ಪರವಾಗಿ ವಾದಿಸಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಇಂದು ದೇಶದಲ್ಲೆಲ್ಲ ಎಣಿಸಿದರೂ ಇವು ಇನ್ನೂರು ಇಲ್ಲ, ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡವರಿದ್ದಾರೆ. ನಮ್ಮ ತಾತ ಇದನ್ನು ಬಟ್ಟಮೇಕ ಎಂದು ತೆಲುಗಿನಲ್ಲಿ ಕರೆಯುತ್ತಿದ್ದರು. ಗಡಿನಾಡಲ್ಲವೆ, ಹಕ್ಕಿಗೂ ಎರಡು ಭಾಷೆ. ಎತ್ತಿನ ಗಾಡಿಯ ಮರೆಯಲ್ಲಿ ನಡೆದು ಹತ್ತಿರ ಹೋಗಿ ಹೊಡೆಯುತ್ತಿದ್ದರಂತೆ. ಅದರ ರುಚಿಯನ್ನು ಅವರು ವರ್ಣಿಸಿದ್ದು ನನಗೆ ನೆನಪಿದೆ. ನಾಚಿಕೆಯಿಂದ ವರ್ಣಿಸಿದ ನೆನಪಿಲ್ಲ. ಅಕ್ಷರಗುಂಡಿನ ಸುತ್ತಲ ನೆಲದಲ್ಲಿಯೇ ಬೆಳೆದ ಮನುಷ್ಯ.

ಸಂಜೆ ನಾವು ಜಟಿಂಗರಾಮೇಶ್ವರ ಬೆಟ್ಟದ ಕಡೆಗೆ ಹೋದೆವು. ಸೀತೆಯನ್ನು ಒಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ಬಿದ್ದದ್ದು ಇಲ್ಲಿಯೇ ಎಂದು ಸ್ಥಳದ ಐತಿಹ್ಯ. ಬೆಟ್ಟದ ಹೆಸರಿನಲ್ಲಿರುವ ಜಟಿಂಗ ಆ ಜಟಾಯುವೇ. ಬುಡದ ಬಯಲಿನಲ್ಲಿ ಒಬ್ಬ ಮುದುಕ ಕುರಿ ಬಿಟ್ಟುಕೊಂಡು ನಿಂತಿದ್ದ. ಅಷ್ಟರಲ್ಲಿ ಗೆಳೆಯರು ನನ್ನ ತೋಳು ಹಿಡಿದು ನಿಲ್ಲಿಸಿದರು. ಹುಲ್ಲಿನ ಮೇಲೆ ಒಂದು ಮೊಳ ಎತ್ತರದಲ್ಲಿ, ರೆಕ್ಕೆಯನ್ನು ಹೆಚ್ಚು ಬಡಿಯದೆ, ಬೂದುಬಿಳುಪಿನ ಹಕ್ಕಿಯೊಂದು ತೇಲಿಕೊಂಡು ಹೋಗುತ್ತಿತ್ತು. ಪಕ್ಷಿ ಬಲ್ಲವರು ಸೆಳೆವ ಎಂದು ಕರೆಯುವ ಹಕ್ಕಿ. ಉತ್ತರದ ಹುಲ್ಲುಗಾಡಿನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಕೆಲವು ಆಫ್ರಿಕಕ್ಕೂ ಕೆಲವು ನಮ್ಮ ಬಯಲಿಗೂ ಇಳಿಯುತ್ತವೆ. "ಇದನ್ನೇ ಮೇಷ್ಟ್ರೇ, ಮಾರದಲ್ಲಿ ನಾನು ನೋಡಿದ್ದು" ಎಂದು ಅವರು ದುರ್ಬೀನು ಇಳಿಸದೆಯೇ ಪಿಸುಗುಟ್ಟಿದರು.

ಮುದುಕ ಹತ್ತಿರ ಬಂದು, "ಏನ್ ಸ್ವಾಮಿ ಕಾಣ್ತೀರಿ?" ಎಂದ. ನಾನು, ಇವರು ಈಚೆಗೆ ಆಫ್ರಿಕಕ್ಕೆ ಹೋಗಿ ಇಂಥದೇ ಬಯಲು, ಇಂಥದೇ ಹಕ್ಕಿ ನೋಡಿ ಬಂದಿದ್ದಾರೆಂದು ಹೇಳಿ, ಖರ್ಚಾದ ಮೊತ್ತವನ್ನೂ ಹೇಳಿದೆ. ಅವನು ಗೆಳೆಯರನ್ನು ಅಡಿಯಿಂದ ಮುಡಿಯ ವರೆಗೆ ಒಮ್ಮೆ ನೋಡಿದ. "ಅಲ್ಲಿ ಕುರಿ ಬಿಡಾಕೆ ಬೇಲಿ ಹಾಕಿಲ್ವಾ?" ಎಂದು ಕೇಳಿದ.