ಹೂವೇನೋ ಪುಕ್ಸಟ್ಟೆ, ಸಕ್ಕರೆ?

(ಅಡುಗೆಮನೆ ಇತಿಹಾಸ ಸರಣಿ, ಕಂತು 5. ಉದ್ದ ಇದೆ, ನಿಧಾನಕ್ಕೆ ಸ್ವೈಪ್ ಮಾಡಿ)

1/7
ನಿನ್ನೆ ಸ್ಟೋರಿಯಲ್ಲಿ ಹಾಕಿದ್ದ ಗುಲಾಬಿ ಬಣ್ಣದ ಬಾಟಲಿ ನೋಡಿ ಎಷ್ಟೊಂದು ಜನ "ಏನಿದು?" ಅಂತ ಕೇಳಿದ್ರಿ. ಗುಲಾಬಿ ಹೂವಿನ ಜೆಲ್ಲಿ. ನಮ್ಮ ಹಿತ್ತಲ ಹೂವು, ನಮ್ಮದೇ ಒಲೆ. ಮಾಡಿ ಮುಗಿಸಿ ಕಾಸ್ಟ್ ಶೀಟ್ ಬರೆದೆ. ಬಿಕಾಂ ಓದೋರ ಚಟ, ಏನ್ಮಾಡೋದು!

ಹೂವು: 0. ನೀರು: 0. ನಿಂಬೆಹಣ್ಣು: 5 ರೂ. ಸೀಬೆಹಣ್ಣು: 10 ರೂ. ಸಕ್ಕರೆ 400 ಗ್ರಾಂ: 18 ರೂ.

ಹಿಂದಿನಿಂದ ಇಣುಕಿ ನೋಡಿದ ಅಮ್ಮ ಅಂದ್ರು: "ಹೂವೇನೋ ಪುಕ್ಸಟ್ಟೆ. ಸಕ್ಕರೆ ಬರೀ ಹದಿನೆಂಟು ರೂಪಾಯಾ? ನಿಮ್ಮಪ್ಪನ್ನ ಕೇಳು."

ಆ ಒಂದು ಮಾತಿಂದ ಈ ಕಂತು ಹುಟ್ಟಿತು.

2/7
ಮೊದಲು ಮಾಡೋದು ಹೇಗೆ ಅಂತ ಹೇಳಿಬಿಡ್ತೀನಿ. ಔಷಧಿ ಹೊಡೆಯದ ಮನೆಯ ಗುಲಾಬಿಯೇ ಬೇಕು, ಮಾರ್ಕೆಟ್ ಹೂವು ಬೇಡವೇ ಬೇಡ. ಎಸಳಿನ ಬುಡದ ಬಿಳಿ ಭಾಗ ಕಹಿ, ಕತ್ತರಿಸಿ ತೆಗೀರಿ. ಎರಡು ದೊಡ್ಡ ಹಿಡಿ ಎಸಳಿಗೆ ಎರಡು ಲೋಟ ಕುದಿಯೋ ನೀರು ಹಾಕಿ ಒಂದು ಗಂಟೆ ಮುಚ್ಚಿಡಿ. ಸೋಸಿದಾಗ ನೀರು ಮಂಕಾಗಿರುತ್ತೆ, ಬೇಜಾರಾಗಬೇಡಿ. ನಿಂಬೆರಸ ಹಿಂಡಿ ನೋಡಿ, ಕಣ್ಣೆದುರೇ ಗುಲಾಬಿ ಬಣ್ಣಕ್ಕೆ ತಿರುಗುತ್ತೆ.

ಹೂವಿನ ನೀರು ತಾನಾಗಿ ಗಟ್ಟಿಯಾಗಲ್ಲ. ಅದಕ್ಕೆ ಪೆಕ್ಟಿನ್ ಬೇಕು. 1825ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೋ ಗುರುತಿಸಿ ಹೆಸರಿಟ್ಟ ವಸ್ತು ಇದು. ಸೀಬೆಹಣ್ಣಲ್ಲಿ ಚೆನ್ನಾಗಿರುತ್ತೆ. ಅರೆಗಾಯಿ ಸೀಬೆಯನ್ನ ಬೇಯಿಸಿ, ಹಿಂಡದೆ ಸೋಸಿ, ಆ ನೀರು ಸೇರಿಸಿ. ಸಕ್ಕರೆ ಹಾಕಿ ಕುದಿಸಿ. ತಣ್ಣಗಿನ ತಟ್ಟೆ ಮೇಲೆ ಒಂದು ಹನಿ ಬಿಟ್ಟು ಬೆರಳಲ್ಲಿ ತಳ್ಳಿದಾಗ ಸುಕ್ಕು ಬಿದ್ರೆ ಜೆಲ್ಲಿ ರೆಡಿ.

3/7
ಈಗ ಇತಿಹಾಸಕ್ಕೆ ಬರೋಣ. ಬೀಡಾದಲ್ಲಿ ತಿನ್ನೋ ಗುಲ್ಕಂದ್ ಗೊತ್ತಲ್ಲ? ಪರ್ಷಿಯನ್‌ನಲ್ಲಿ 'ಗುಲ್' ಅಂದ್ರೆ ಹೂವು, 'ಕಂದ್' ಅಂದ್ರೆ ಸಕ್ಕರೆ. ಆ 'ಕಂದ್' ಹೋಗಿದ್ದು ನಮ್ಮ ಕಡೆಯಿಂದಲೇ. ಸಂಸ್ಕೃತದ 'ಖಂಡ', ಅಂದ್ರೆ ತುಂಡು, ಸಕ್ಕರೆ ಹರಳು. ಇದೇ ಪದ ಅರಬ್ಬರ ಬಾಯಿ ದಾಟಿ ಯುರೋಪಿಗೆ ಹೋಗಿ 'ಕ್ಯಾಂಡಿ' ಆಯ್ತು.

ಸಾವಿರ ವರ್ಷದ ಹಿಂದೆ ಹೂವಿನ ಸಿಹಿ ತಿಂಡಿ ಆಗಿರಲಿಲ್ಲ, ಔಷಧಿ ಆಗಿತ್ತು. ವೈದ್ಯ ಇಬ್ನ್ ಸೀನಾ (980–1037) ಶ್ವಾಸಕೋಶದ ಕಾಯಿಲೆಗೆ ಗುಲಾಬಿ ಪಾಕ ಕೊಡಿ ಅಂತ ಬರೆದಿದ್ದ. ಯುರೋಪಲ್ಲೂ ಸಕ್ಕರೆ ಸಿಗ್ತಿದ್ದದ್ದು ಔಷಧಿ ಮಾರೋರ ಹತ್ರ, ಅದೂ ಸಾಹುಕಾರರಿಗೆ ಮಾತ್ರ. 1602ರಲ್ಲಿ ಲಂಡನ್ನಿನಲ್ಲಿ ಹ್ಯೂ ಪ್ಲಾಟ್ ಅನ್ನೋನು ಹೂವನ್ನ ಸಕ್ಕರೆಯಲ್ಲಿ ಕಾಪಿಡೋದು ಹೇಗೆ ಅಂತ ಪುಸ್ತಕ ಬರೆದ. ಅದರ ಹೆಸರಲ್ಲೇ ಇತ್ತು, ಇದು 'ಲೇಡಿ'ಗಳಿಗೆ ಅಂತ.

4/7
ಹಾಗಾದ್ರೆ ಸಕ್ಕರೆ ಅಗ್ಗ ಆಗಿದ್ದು ಹೇಗೆ? ಇಲ್ಲಿ ಕಥೆ ಕಹಿ ಆಗುತ್ತೆ.

1640ರ ದಶಕದಲ್ಲಿ ಇಂಗ್ಲಿಷರು ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಕಬ್ಬು ಹಾಕಿದರು. ಕಡಿಯೋಕೆ, ಗಾಣಕ್ಕೆ ಕೊಡೋಕೆ, ಹಗಲೂ ರಾತ್ರಿ ಕೊಪ್ಪರಿಗೆ ಮುಂದೆ ನಿಲ್ಲೋಕೆ ಆಫ್ರಿಕಾದಿಂದ ಜನರನ್ನ ಕೊಂಡು ತಂದರು. ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಒಟ್ಟು ಸುಮಾರು 1.25 ಕೋಟಿ ಜನರನ್ನ ಹಡಗು ಹತ್ತಿಸಿದರು ಅನ್ನೋದು ಇತಿಹಾಸಕಾರರ ಅಂದಾಜು. ಅವರಲ್ಲಿ ಹೆಚ್ಚಿನವರು ಹೋಗಿದ್ದು ಸಕ್ಕರೆ ಬೆಳೆಯೋ ನೆಲಕ್ಕೆ. ಇಂಗ್ಲೆಂಡಿನ ಮನೆ ತೋಟದ ಗುಲಾಬಿ ಯಾವತ್ತೂ ಪುಕ್ಸಟ್ಟೆಯೇ. ಅದರ ಜೊತೆ ಬಾಟಲಿಗೆ ಬಿದ್ದ ಸಕ್ಕರೆ ಇವರ ಬೆನ್ನ ಮೇಲಿಂದ ಬಂದದ್ದು.

5/7
ನನಗೆ ಮೈ ಜುಮ್ ಅಂದದ್ದು ಇಲ್ಲಿ. 1791ರಲ್ಲಿ ವಿಲಿಯಂ ಫಾಕ್ಸ್ ಒಂದು ಸಣ್ಣ ಕರಪತ್ರ ಬರೆದ. ಅದರಲ್ಲಿ ಒಂದು ಲೆಕ್ಕ ಇದೆ. ವಾರಕ್ಕೆ 5 ಪೌಂಡ್ ಸಕ್ಕರೆ, ಅದಕ್ಕೆ ತಕ್ಕಷ್ಟು ರಮ್ ಬಳಸೋ ಕುಟುಂಬ 21 ತಿಂಗಳು ಅದನ್ನ ಬಿಟ್ಟರೆ, ಒಬ್ಬ ಮನುಷ್ಯ ಗುಲಾಮನಾಗೋದು ಅಥವಾ ಕೊಲೆಯಾಗೋದು ತಪ್ಪುತ್ತೆ.

ನಾನು ಕ್ಯಾಲ್ಕ್ಯುಲೇಟರ್ ಹಿಡಿದೆ. ಸಕ್ಕರೆ ಲೆಕ್ಕವೇ ಸುಮಾರು 200 ಕೆಜಿ. 50 ಕೆಜಿಯ ನಾಲ್ಕು ಮೂಟೆ. ಒಬ್ಬ ಮನುಷ್ಯ.

ಇದು ಕಾಸ್ಟ್ ಶೀಟ್ ಅಲ್ಲದೆ ಇನ್ನೇನು? ಸಾವಿರಾರು ಮನೆಗಳಲ್ಲಿ ಸಕ್ಕರೆ ಬಿಟ್ಟರು. ಅಡುಗೆಮನೆ ನಡೆಸ್ತಿದ್ದ ಹೆಂಗಸರಿಗೆ ಓಟು ಇರಲಿಲ್ಲ, ಆದ್ರೆ ಸಕ್ಕರೆ ಡಬ್ಬಿ ಅವರ ಕೈಲಿತ್ತು. ಇದು ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾ ಸಕ್ಕರೆ ಅಂತ ಬರೆದ ಸಕ್ಕರೆ ಬಟ್ಟಲುಗಳೂ ಬಂದವು.

6/7
1833ರಲ್ಲಿ ಬ್ರಿಟನ್ ಗುಲಾಮಗಿರಿ ರದ್ದು ಮಾಡೋ ಕಾನೂನು ತಂತು. ಮುಗೀತಾ? ಇಲ್ಲ. 1834ರ ನವೆಂಬರ್ 2ಕ್ಕೆ 'ಅಟ್ಲಾಸ್' ಅನ್ನೋ ಹಡಗು ಕಲ್ಕತ್ತಾದಿಂದ ಮಾರಿಷಸ್ ಮುಟ್ಟಿತು. ಅದರಲ್ಲಿ ನಮ್ಮ ದೇಶದ 36 ಕೂಲಿಗಳು. 5 ವರ್ಷದ ಕರಾರು, ತಿಂಗಳಿಗೆ 5 ರೂಪಾಯಿ. ಕೆಲಸ? ಕಬ್ಬಿನ ಗದ್ದೆ. ಅವರ ಹಿಂದೆ ಲಕ್ಷಾಂತರ ಜನ ಹೋದರು.

1874ರಲ್ಲಿ ಬ್ರಿಟನ್ ಸಕ್ಕರೆ ಮೇಲಿನ ಸುಂಕ ತೆಗೀತು. ಜ್ಯಾಮ್, ಜೆಲ್ಲಿ ಬಡವರ ಬ್ರೆಡ್ಡಿಗೂ ಬಂತು. 'ಹೋಮ್‌ಮೇಡ್' ಅಂತ ನಾವು ಲೇಬಲ್ ಅಂಟಿಸೋ ಬಾಟಲಿ ಹಿಂದೆ ಇಷ್ಟು ದೂರದ ಮನೆಗಳಿವೆ.

7/7
ಇನ್ನು ಅಮ್ಮನ ಮಾತು. ನಮ್ಮದು ಮಂಡ್ಯ ಕಡೆ, ಅಪ್ಪ ಕಬ್ಬು ಬೆಳೀತಾರೆ. 400 ಗ್ರಾಂ ಸಕ್ಕರೆಗೆ ಸುಮಾರು 4 ಕೆಜಿ ಕಬ್ಬು ಬೇಕು. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ನಮಗೆ ಐದನೇ ತಿಂಗಳು ನಡೀತಿದೆ. ಈ ಸೆಮಿಸ್ಟರ್ ಫೀಸ್ ಕಟ್ಟಿದ್ದು ಸಾಲ ಮಾಡಿ. ಅಪ್ಪನನ್ನ ಕೇಳಿದೆ. "ಬರ್ತದೆ ಬುಡು" ಅಂದ್ರು, ಅಷ್ಟೇ.

ಗುಲಾಮರಾದವರ ನೋವಿಗೂ ನಮ್ಮ ಬಾಕಿಗೂ ಹೋಲಿಕೆ ಇಲ್ಲ, ಆ ತಪ್ಪು ನಾನು ಮಾಡಲ್ಲ. ಆದ್ರೆ ಫಾಕ್ಸ್ ಕೇಳಿದ ಪ್ರಶ್ನೆ ಇವತ್ತಿಗೂ ಕೇಳಬಹುದು: ಬೆಲೆ ಚೀಟಿಯಲ್ಲಿ ಇಲ್ಲದ ಖರ್ಚನ್ನ ಯಾರು ಹೊರ್ತಿದ್ದಾರೆ?

ಜೆಲ್ಲಿ ಮಾಡಬೇಡಿ ಅಂತಲ್ಲ. ಮಾಡಿ, ಭಾನುವಾರ ಚಪಾತಿಗೆ ಹಚ್ಚಿ ತಿನ್ನಿ, ತುಂಬಾ ಚೆನ್ನಾಗಿರುತ್ತೆ. ನನ್ನ ಕಾಸ್ಟ್ ಶೀಟ್ ಮಾತ್ರ ತಿದ್ದಿದ್ದೀನಿ, ಕೊನೇ ಫೋಟೋ ನೋಡಿ:

ಸಕ್ಕರೆ 400 ಗ್ರಾಂ: 18 ರೂ. ಕೊಟ್ಟಾಯ್ತು. ಬೆಳೆದವರಿಗೆ: ಬಾಕಿ.

ನಿಮ್ಮ ಮನೇಲೂ ಕಬ್ಬು ಬೆಳೀತಾರಾ? ದುಡ್ಡು ಬಂದು ಎಷ್ಟು ದಿನ ಆಯ್ತು, ಕಾಮೆಂಟಲ್ಲಿ ಬರೀರಿ. ಒಟ್ಟಿಗೆ ಒಂದು ಶೀಟ್ ಮಾಡೋಣ.

#ಅಡುಗೆಮನೆಇತಿಹಾಸ #ಗುಲಾಬಿಜೆಲ್ಲಿ #ಕಬ್ಬು #ಬಿಕಾಂಬದುಕು