ಸೋಮವಾರದ ತಲೆನೋವು

ನಮ್ಮ ಮನೆಗಳಲ್ಲಿ ಹಿರಿಯರು ಎದೆ ಹಿಡಿದುಕೊಂಡಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆಯ ಹಿರಿಯಣ್ಣ ನೈಟ್ರೋಗ್ಲಿಸರಿನ್. 1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅದನ್ನು ಮೊದಲು ತಯಾರಿಸಿದ ಅಸ್ಕಾನಿಯೊ ಸೊಬ್ರೆರೊಗೆ, ಒಂದಿಷ್ಟು ನಾಲಿಗೆಗೆ ತಾಗಿದರೂ ತಲೆ ಸಿಡಿಯುತ್ತದೆಂಬುದು ಗೊತ್ತಾಗಿತ್ತು.

ಅದನ್ನು ಎದೆನೋವಿನ ಮದ್ದಾಗಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಮರೆಲ್. ಹೊರರೋಗಿಗಳನ್ನು ನೋಡುತ್ತಿದ್ದಾಗ ಜೇಬಿನಲ್ಲಿದ್ದ ಸೀಸೆಯ ಒದ್ದೆ ಬಿರಡೆಯನ್ನು ನಾಲಿಗೆಗೆ ಮುಟ್ಟಿಸಿದ. ಅಷ್ಟರಲ್ಲಿ ರೋಗಿಯೊಬ್ಬ ಬಂದದ್ದರಿಂದ ಅದನ್ನು ಮರೆತೇಬಿಟ್ಟ. ನಾಲ್ಕಾರು ಪ್ರಶ್ನೆ ಕೇಳುವಷ್ಟರಲ್ಲಿ ತಲೆಯೊಳಗೆ ನಾಡಿ ದಬದಬ ಬಡಿಯತೊಡಗಿತು. ಎಡಿನ್‌ಬರೋದಲ್ಲಿ ಲಾಡರ್ ಬ್ರಂಟನ್ 1867ರಲ್ಲಿ ಎದೆನೋವಿಗೆ ಬಳಸಿದ್ದ ಅಮೈಲ್ ನೈಟ್ರೈಟ್‌ನ ಪರಿಣಾಮವೂ ಹೀಗೇ, ಆದರೆ ಅದು ಬೇಗ ಇಳಿದುಹೋಗುತ್ತಿತ್ತು. ಇದರ ಪರಿಣಾಮ ಇನ್ನಷ್ಟು ಹೊತ್ತು ನಿಲ್ಲುತ್ತದೆಂದು ಕಂಡ ಮರೆಲ್, ತನ್ನ ಮೇಲೂ ಇತರರ ಮೇಲೂ ಮತ್ತೆ ಮತ್ತೆ ಪರೀಕ್ಷಿಸಿ, ರೋಗಿಗಳಿಗೆ ಕೊಟ್ಟು, 1879ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ.

ಡೈನಮೈಟ್‌ನಿಂದ ಸಿರಿವಂತನಾದ ಆಲ್ಫ್ರೆಡ್ ನೊಬೆಲ್‌ಗೆ 1896ರಲ್ಲಿ ವೈದ್ಯರು ಬರೆದುಕೊಟ್ಟದ್ದೂ ಇದನ್ನೇ. ಜನ ಹೆದರದಿರಲೆಂದು ಮದ್ದಿನಂಗಡಿಯಲ್ಲಿ ಇದಕ್ಕೆ 'ಟ್ರೈನೈಟ್ರಿನ್' ಎಂಬ ಹೆಸರು. ವಿಧಿಯ ವ್ಯಂಗ್ಯವೆಂದು ಅವನೇ ಗೆಳೆಯನಿಗೆ ಬರೆದ. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಕಾರ್ಖಾನೆಯ ಕೂಲಿಗಳ ಕತೆ.

ಸ್ಫೋಟಕದ ಕಾರ್ಖಾನೆಗಳಲ್ಲಿ ಸೋಮವಾರ ಬಂತೆಂದರೆ ತಲೆನೋವು. ನೈಟ್ರೋಗ್ಲಿಸರಿನ್ ಚರ್ಮದ ಮೂಲಕವೂ ಉಸಿರಿನ ಮೂಲಕವೂ ಮೈಸೇರಿ ರಕ್ತನಾಳಗಳನ್ನು ಹಿಗ್ಗಿಸುತ್ತಿತ್ತು. ಎರಡು ಮೂರು ದಿನಕ್ಕೆ ಮೈ ಒಗ್ಗಿಕೊಂಡು ನೋವು ಮಾಯ. ಭಾನುವಾರದ ರಜೆ ಕಳೆದರೆ ಮತ್ತೆ ಮೊದಲಿನಿಂದ. ಒಗ್ಗಿದ್ದು ತಪ್ಪಬಾರದೆಂದು ಕೆಲವರು ಟೋಪಿಯ ಒಳಪಟ್ಟಿಗೆ ಚೂರು ಸವರಿಕೊಂಡು ಮನೆಗೆ ಹೋಗುತ್ತಿದ್ದರಂತೆ. ಕೆಲವರ ಪಾಲಿಗೆ ಅದು ತಲೆನೋವಿಗೇ ನಿಲ್ಲಲಿಲ್ಲ: ರಜೆಯ ದಿನ ಎದೆನೋವು, ಕೆಲವೊಮ್ಮೆ ಸಾವು. ದಿನವೂ ಹಿಗ್ಗಿಸುತ್ತಿದ್ದ ವಸ್ತು ಕೈತಪ್ಪಿದ್ದೇ ರಕ್ತನಾಳಗಳು ಬಿಗಿದುಕೊಳ್ಳುತ್ತಿದ್ದವು.

ಈ ಮದ್ದಿನಿಂದ ನೈಟ್ರಿಕ್ ಆಕ್ಸೈಡ್ ಅನಿಲ ಹೊರಬಂದು ರಕ್ತನಾಳ ಸಡಿಲುತ್ತದೆಂಬ ಸುಳಿವು ಸಿಕ್ಕಿದ್ದು 1977ರಲ್ಲಿ, ಫೆರಿಡ್ ಮುರಾದ್‌ನ ಪ್ರಯೋಗಗಳಿಂದ. 1998ರ ವೈದ್ಯಕೀಯ ನೊಬೆಲ್ ಅವನಿಗೂ ಇನ್ನಿಬ್ಬರಿಗೂ ಸಂದಿತು. ಮೈಗೆ ಅಂಟಿಸುವ ನೈಟ್ರೋಗ್ಲಿಸರಿನ್ ಪಟ್ಟಿ ಬಂದಾಗ, ದಿನವಿಡೀ ಬಿಟ್ಟರೆ ಅದು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆಂಬುದು ಗೊತ್ತಾಯಿತು. ಕೂಲಿಗಳ ಮೈ ಬುಧವಾರದ ಹೊತ್ತಿಗೆ ಒಗ್ಗಿಕೊಳ್ಳುತ್ತಿದ್ದ ಹಾಗೆಯೇ. ಅದಕ್ಕೇ ವೈದ್ಯರು ಈಗ ಪಟ್ಟಿಯನ್ನು ಸಾಮಾನ್ಯವಾಗಿ ರಾತ್ರಿ 10ರಿಂದ 12 ಗಂಟೆಗಳ ಕಾಲ ತೆಗೆದಿಡಲು ಹೇಳುತ್ತಾರೆ.